ಅರ್ಜಿದಾರರ ಕನ್ನಡ

(ಬಳ್ಳಾರಿ ಜಿಲ್ಲೆ ಸಂಡೂರು ತಾಲೂಕಿನ ಚೋರನೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ವಿಷಯ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಸಂಘಟಕರು ನನಗೇ ಬಿಟ್ಟಿದ್ದರು. ಇಂಥ ಸಭೆಗೆ ವಚನವನ್ನೋ ಹಳಗನ್ನಡ ಕಾವ್ಯವನ್ನೋ ತರುವುದು ವಾಡಿಕೆ. ನಾನು ತಂದಿರುವುದು ನಾಡಕಚೇರಿಯ ಕನ್ನಡವನ್ನು. ಕಾವ್ಯ ಓದದೆಯೂ ಒಬ್ಬ ರೈತ ಬಾಳಿಯಾನು. ಪಹಣಿ ತೆಗೆಸದೆ, ಅರ್ಜಿ ಹಾಕದೆ, ಕಚೇರಿ ಕೊಟ್ಟ ಕಾಗದದಲ್ಲಿ ಏನು ಬರೆದಿದೆ ಎಂದು ತಿಳಿಯದೆ ಇವತ್ತು ಯಾರಿಗೂ ದಿನ ಕಳೆಯದು. ದಿನವೂ ಬಳಸುವ ಈ ಕನ್ನಡದ ಬಗ್ಗೆ ಸಾಹಿತ್ಯದ ವೇದಿಕೆಗಳಲ್ಲಿ ಮಾತು ಬರುವುದು ಕಡಿಮೆ. ಬಂದರೂ ಅದು ‘ಶುದ್ಧ ಕನ್ನಡ’ ಮತ್ತು ‘ಕಂಗ್ಲಿಷ್’ ಎಂಬ ಜಗಳದಲ್ಲೇ ಮುಗಿದುಹೋಗುತ್ತದೆ.

ನಾನು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆಡಳಿತದ ಒಂದು ಪದ ಪಾರಸಿಯಿಂದ ಬಂತೋ ಸಂಸ್ಕೃತದಿಂದ ಬಂತೋ ಎನ್ನುವುದು ಪಂಡಿತರ ಪ್ರಶ್ನೆ. ಆ ಪದವನ್ನು ಯಾರು ಯಾರನ್ನು ಕೇಳಲು ಬಳಸುತ್ತಾರೆ ಎನ್ನುವುದು ಪ್ರಜೆಗಳ ಪ್ರಶ್ನೆ. ಎರಡನೆಯ ಪ್ರಶ್ನೆಯೇ ದೊಡ್ಡದು ಎಂದು ತೋರಿಸುವುದು ಈ ಉಪನ್ಯಾಸದ ಉದ್ದೇಶ.

1. ದತ್ತಿಯಿಂದ ದತ್ತ ಮಂಡಲಕ್ಕೆ

ನಾವು ಇಲ್ಲಿ ಸೇರಿರುವುದೇ ಒಂದು ಹಳೆಯ ಆಡಳಿತ ಪದದ ನೆರಳಿನಲ್ಲಿ. ಕನ್ನಡ ಶಾಸನಗಳಲ್ಲಿ ದೇವಾಲಯಕ್ಕೆ, ಕೆರೆಗೆ, ಅಗ್ರಹಾರಕ್ಕೆ ಭೂಮಿ ಅಥವಾ ಸುಂಕ ಬಿಟ್ಟುಕೊಟ್ಟಾಗ ಅದನ್ನು ದತ್ತಿ ಎನ್ನುತ್ತಿದ್ದರು. ಆ ಕಾಲದ ಆಡಳಿತ ಶಬ್ದಕೋಶ ಶಾಸನಗಳ ತುಂಬ ಹರಡಿದೆ: ನಾಡು, ಗಾವುಂಡ, ಹೆಗ್ಗಡೆ, ಕರಣ, ಸೇನಬೋವ, ತಳವಾರ, ಸಂಧಿವಿಗ್ರಹಿ. ನಮ್ಮ ಸುತ್ತಲಿನ ಸೀಮೆಗಳಿಗೆ ಅಂಕಿ ಸೇರಿದ ಹೆಸರುಗಳಿದ್ದವು. ನೊಳಂಬವಾಡಿ ಮೂವತ್ತೆರಡು ಸಾವಿರ, ಸಿಂದವಾಡಿ ಸಾವಿರ, ಕುರುಗೋಡಿನ ಸಿಂದರು ಆಳಿದ ಬಳ್ಳಕುಂದೆ ಮುನ್ನೂರು. ಆ ಅಂಕಿ ಹಳ್ಳಿಗಳ ಲೆಕ್ಕವೋ ಆದಾಯದ ಲೆಕ್ಕವೋ ಎಂದು ಇತಿಹಾಸಕಾರರು ಇನ್ನೂ ವಾದಿಸುತ್ತಾರೆ. ಎರಡರಲ್ಲಿ ಯಾವುದಾದರೂ ಸರಿ, ನಾಡಿನ ಹೆಸರಿಗೇ ಲೆಕ್ಕ ಅಂಟಿಕೊಂಡಿತ್ತು ಎನ್ನುವುದು ಗಮನಿಸಬೇಕಾದ ಮಾತು.

ವಿಜಯನಗರದ ಕಾಲಕ್ಕೆ ರಾಜ್ಯ, ಸೀಮೆ, ಸ್ಥಳ, ಅಮರನಾಯಕ, ರಾಯಸ, ಅಠವಣೆ ಮುಂದೆ ಬಂದವು. 1565ರ ಯುದ್ಧದ ನಂತರದ ಎರಡು ಶತಮಾನಗಳಲ್ಲಿ ಈ ಪ್ರದೇಶ ಆದಿಲ್‌ಶಾಹಿ, ಮೊಗಲ, ಮರಾಠ, ಹೈದರ್ ಮತ್ತು ಟಿಪ್ಪು, ನಿಜಾಮ ಹೀಗೆ ಕೈಯಿಂದ ಕೈಗೆ ದಾಟಿತು. ದಾಟಿದಷ್ಟೂ ಸಲ ಕಚೇರಿಯಲ್ಲಿ ಪಾರಸಿ, ಅರಬ್ಬಿ, ಮರಾಠಿ ಪದಗಳು ಉಳಿದುಕೊಂಡವು. ತಾಲೂಕು, ಜಿಲ್ಲೆ, ಅರ್ಜಿ, ಹುಕುಂ, ಮಹಜರು, ಮುಚ್ಚಳಿಕೆ, ಜಾಮೀನು, ವಕೀಲ, ಕೊನೆಗೆ ಸರ್ಕಾರ ಎಂಬ ಮಾತೂ ಆ ದಾರಿಯಿಂದಲೇ ಬಂದದ್ದು.

1800ರಲ್ಲಿ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಮತ್ತು ಕರ್ನೂಲಿನ ಭಾಗಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಬಿಟ್ಟುಕೊಟ್ಟ ಈ ಸೀಮೆಗೆ ದತ್ತ ಮಂಡಲ ಎಂದು ಹೆಸರಾಯಿತು. ಶಾಸನದ ದತ್ತಿಯಲ್ಲಿ ಕೊಡುವವನು ತನ್ನ ಹೊಲವನ್ನೋ ತನಗೆ ಬರುವ ಸುಂಕವನ್ನೋ ಕೊಡುತ್ತಿದ್ದ. ದತ್ತ ಮಂಡಲದಲ್ಲಿ ಹೊಲದ ಜೊತೆ ಹೊಲ ಉಳುವವರನ್ನೂ ಕೊಟ್ಟಾಗಿತ್ತು, ಅವರನ್ನು ಒಂದು ಮಾತು ಕೇಳದೆ. ಪಕ್ಕದ ತೆಲುಗು ಭಾಗದವರು ಈ ಹೆಸರನ್ನು ಅವಮಾನವೆಂದು ಬಗೆದು 1928ರಲ್ಲಿ ರಾಯಲಸೀಮೆ ಎಂಬ ಹೊಸ ಹೆಸರನ್ನು ತಾವೇ ಇಟ್ಟುಕೊಂಡರು. ಆಳುವವರು ಇಟ್ಟ ಹೆಸರನ್ನು ಜನ ಕಿತ್ತೆಸೆದ ಒಂದು ನಿದರ್ಶನ ನಮ್ಮ ಗಡಿಯಾಚೆಗೇ ಇದೆ.

ಕಂಪನಿಯ ಪರವಾಗಿ 1800ರಿಂದ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರ್ ಆಗಿದ್ದವನು ಥಾಮಸ್ ಮನ್ರೋ. ನಡುವಿನ ಪಾಳೆಯಗಾರರನ್ನು ಬದಿಗೊತ್ತಿ ಒಬ್ಬೊಬ್ಬ ರೈತನ ಜೊತೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ಆತ ಈ ಸೀಮೆಯಲ್ಲಿ ಊರಿದ. ಹೀಗೆ ಪಟ್ಟಾ, ಚಿಟ್ಟಾ, ಅಡಂಗಲ್, ಫಿರ್ಕಾ ಎಂಬ ಮದ್ರಾಸಿನ ಶಬ್ದಕೋಶ ಬಂತು. ಪಕ್ಕದಲ್ಲೇ ಸಂಡೂರು ಸಂಸ್ಥಾನ ಬೇರೆ ರಾಗ ಹಾಡುತ್ತಿತ್ತು. ಅಲ್ಲಿನ ಘೋರ್ಪಡೆ ಅರಸರ ಬಿರುದಿನಲ್ಲಿ ‘ಹಿಂದೂರಾವ್’, ‘ಮಮಲಕತ್‌ಮದಾರ್’, ‘ಸೇನಾಪತಿ’ ಮೂರೂ ಒಟ್ಟಿಗೆ ಇದ್ದವು. ಮರಾಠರ ರಾವ್, ಅರಬ್ಬಿಯ ಮಮಲಕತ್, ಸಂಸ್ಕೃತದ ಸೇನಾಪತಿ ಒಂದೇ ಹೆಸರಿನೊಳಗೆ ಜಗಳವಾಡದೆ ಕೂತಿದ್ದವು. ಆ ಸಂಸ್ಥಾನ 1949ರ ಏಪ್ರಿಲ್ 1ರಂದು ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲೂಕುಗಳು ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು.

ರಾಜ್ಯ ಬದಲಾದಾಗ ಕಚೇರಿಯ ಮಾತೂ ಬದಲಾಯಿತು. ಮದ್ರಾಸಿನವರು ಫಿರ್ಕಾ ಎನ್ನುತ್ತಿದ್ದುದಕ್ಕೆ ಮೈಸೂರಿನವರು ಹೋಬಳಿ ಎನ್ನುತ್ತಿದ್ದರು. ಮದ್ರಾಸಿನ ಕರಣಂ ಮೈಸೂರಿನಲ್ಲಿ ಶಾನುಭೋಗ, ಕಲೆಕ್ಟರು ಡೆಪ್ಯುಟಿ ಕಮಿಷನರು. ಎಲ್ಲ ಮಾತೂ ಮೈಸೂರಿನದೇ ಗೆಲ್ಲಲಿಲ್ಲ. ಮೈಸೂರಿನ ಅಮಲ್ದಾರರು ಮುಂದೆ ನಮ್ಮವರಂತೆ ತಹಸೀಲ್ದಾರರಾದರು. ನಾವು ಹೋಬಳಿಯನ್ನು ಪಡೆದೆವು, ಅವರಿಗೆ ತಹಸೀಲ್ದಾರರನ್ನು ಕೊಟ್ಟೆವು. 1963ರ ಫೆಬ್ರುವರಿ 1ರಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದಾಗ ಪಟೇಲ, ಶಾನುಭೋಗ ಕಚೇರಿಯಿಂದ ಹೊರಬಿದ್ದರು. ಹುದ್ದೆ ಹೋದರೂ ಹೆಸರು ಹೋಗಲಿಲ್ಲ. ಗೌಡ, ಪಾಟೀಲ, ಕುಲಕರ್ಣಿ, ನಾಡಗೌಡ, ತಳವಾರ ಎಂದು ಶಾಲೆಯ ಹಾಜರಿ ಪುಸ್ತಕದಲ್ಲಿ ಸಾವಿರ ವರ್ಷದ ಆಡಳಿತವೇ ಸಾಲಾಗಿ ನಿಂತಿದೆ.

2. ಒಂದು ಪಹಣಿಯ ಮುಂದೆ

ಈ ಇತಿಹಾಸವೆಲ್ಲ ಒಂದೇ ಹಾಳೆಯಲ್ಲಿ ಸಿಗುತ್ತದೆ. ನಾಡಕಚೇರಿಯ ಕಿಟಕಿಯ ಮುಂದೆ “ಸರ್, ಒಂದು ಪಾಣಿ ತೆಗೆದುಕೊಡ್ರಿ” ಎಂದು ಕೇಳಿದರೆ ಕೈಗೆ ಬರುವ ಕಾಗದ ಅದು. ನಾಡಕಚೇರಿ ಎಂಬ ಹೆಸರೇ ಜೋಡಿ: ನಾಡು ಬಳ್ಳಕುಂದೆ ಮುನ್ನೂರರ ಕಾಲದ್ದು, ಕಚೇರಿ ಆಮೇಲಿನದು. ಪಹಣಿ ಮರಾಠಿಯದು, ನೋಡುವುದು ಎಂದು ಅರ್ಥ. ಹೊಲಕ್ಕೆ ಹೋಗಿ, ಬೆಳೆ ನೋಡಿ ಬರೆದದ್ದು ಪಹಣಿ. ಸುಮಾರು 2000ದ ಹೊತ್ತಿಗೆ ಭೂಮಿ ಯೋಜನೆ ಬಂದು ಕೈಬರಹದ ಪಹಣಿ ಕಂಪ್ಯೂಟರಿಗೆ ಏರಿತು. ಅಂಕಣಗಳ ಹೆಸರು ಹಾಗೇ ಉಳಿಯಿತು.

ಹಾಳೆಯನ್ನು ಎಡದಿಂದ ಓದೋಣ. ಸರ್ವೆ ನಂಬರ್ ಇಂಗ್ಲಿಷಿನದು. ಪಕ್ಕದ ಹಿಸ್ಸಾ ಅರಬ್ಬಿಯದು, ಪಾಲು ಎಂದರ್ಥ. ವಿಸ್ತೀರ್ಣ ಸಂಸ್ಕೃತ. ಅಳತೆ ಎಕರೆಯಲ್ಲಿ, ಎಕರೆಯ ಕೆಳಗೆ ಹಳೆ ಮೈಸೂರಿನವರಿಗೆ ಗುಂಟೆ, ಮದ್ರಾಸಿನಲ್ಲಿದ್ದ ನಮಗೆ ಸೆಂಟ್ಸ್. ಎಕರೆಗೆ 40 ಗುಂಟೆ, 100 ಸೆಂಟ್ಸ್. ಬಳ್ಳಾರಿ ಸೀಮೆಯ ರೈತರು ಇವತ್ತೂ ಸೆಂಟ್ಸಿನಲ್ಲಿ ಮಾತಾಡುವುದಕ್ಕೆ ಕಾರಣ 1953ಕ್ಕಿಂತ ಹಿಂದಿನದು.

ಮುಂದಿನ ಅಂಕಣ ಖರಾಬಿನದು. ಅದರ ಹಿಂದಿರುವ ಪದವನ್ನು ಕೆಲವು ಕಡೆ ‘ಫೂಟ್’ ಎಂದು ಅಚ್ಚು ಮಾಡುತ್ತಾರೆ. ಓದಿದವರು ಅಡಿ ಲೆಕ್ಕವಿರಬೇಕು ಎಂದುಕೊಳ್ಳುತ್ತಾರೆ. ಮೂಲದಲ್ಲಿ ಅದು ಮರಾಠಿಯ ‘ಪೋಟ್’, ಹೊಟ್ಟೆ. ಸರ್ವೆ ನಂಬರಿನ ಹೊಟ್ಟೆಯೊಳಗೆ ಇರುವ, ಉಳುಮೆಗೆ ಬಾರದ ನೆಲ ಪೋಟ್ ಖರಾಬು. ಇದರಲ್ಲಿ ‘ಅ’ ಮತ್ತು ‘ಬ’ ಎಂಬ ಎರಡು ಬಗೆ. ಬಂಡೆ, ಕಣ, ಮನೆಯಂಥವು ‘ಅ’ ಖರಾಬು. ದಾರಿ, ಹಳ್ಳ, ಸ್ಮಶಾನದಂತೆ ಸಾರ್ವಜನಿಕರಿಗೆ ಮೀಸಲಾದದ್ದು ‘ಬ’ ಖರಾಬು. ಹೊಲಕ್ಕೆ ಹೋಗುವ ಬಂಡಿದಾರಿಯನ್ನು ಯಾರೋ ಒತ್ತಿಕೊಂಡು ಬೇಲಿ ಹಾಕಿದ್ದಾರೆ ಎನ್ನಿ. ಊರಿನ ಪಂಚಾಯ್ತಿ ಕಟ್ಟೆಯಲ್ಲಿ ಎಷ್ಟು ಕೂಗಾಡಿದರೂ ಆಗದ್ದು, ಆ ಸರ್ವೆ ನಂಬರಿನ ಪಹಣಿಯಲ್ಲಿ ‘ಬ’ ಎಂಬ ಒಂದು ಅಕ್ಷರದ ಮುಂದೆ ಇಷ್ಟು ಸೆಂಟ್ಸ್ ಇದೆ ಎಂದು ಬೆರಳಿಟ್ಟು ತೋರಿಸಿದರೆ ಆಗಬಹುದು. ಆ ಪದ ಮರಾಠಿಯೋ ಪಾರಸಿಯೋ ಎನ್ನುವುದು ಆಗ ಯಾರಿಗೂ ನೆನಪಾಗುವುದಿಲ್ಲ.

ಇನ್ನೂ ಮುಂದೆ ಹೋದರೆ ಮಣ್ಣಿನ ನಮೂನೆ, ನೀರಿನ ದರ. ಮಣ್ಣು, ನೀರು ಎರಡೂ ಅಚ್ಚಗನ್ನಡ, ಅವುಗಳ ಬೆನ್ನಿಗೇ ಪಾರಸಿಯ ನಮೂನೆ, ಪಾರಸಿಯದೇ ದರ. ಆಮೇಲೆ ಸ್ವಾಧೀನದಾರರು, ಸಾಗುವಳಿದಾರರು. ಇಲ್ಲಿ ಸ್ವಲ್ಪ ನಿಲ್ಲಬೇಕು. ‘ದಾರ’ ಎನ್ನುವುದು ಪಾರಸಿಯ ಬಾಲ, ಹೊಂದಿದವನು ಎಂದು ಅರ್ಥ. ಅದು ಅಧಿಕಾರಿಗಳ ಹೆಸರಿಗೆ ಅಂಟುತ್ತಿತ್ತು: ತಹಸೀಲ್ದಾರ, ಶಿರಸ್ತೇದಾರ, ಜಮಾದಾರ, ಕಿಲ್ಲೇದಾರ. ಕನ್ನಡಿಗರು ಅದನ್ನು ತೆಗೆದುಕೊಂಡು ತಮಗೆ ಬೇಕಾದ ಕಡೆ ಅಂಟಿಸಿದರು. ಸಾಗುವಳಿ ಮಾಡುವವನು ಸಾಗುವಳಿದಾರ, ಗುತ್ತಿಗೆ ಹಿಡಿದವನು ಗುತ್ತಿಗೆದಾರ, ಅರ್ಜಿ ಹಿಡಿದವನು ಅರ್ಜಿದಾರ. ಕೊನೆಗೆ ಸಂಸ್ಕೃತದ ಮತಕ್ಕೂ ಅದನ್ನು ಹಚ್ಚಿ ಮತದಾರ ಎಂದರು. ಹಿಂದಿಯವರು ಮತದಾತಾ ಎನ್ನುತ್ತಾರೆ, ಮತವನ್ನು ಕೊಡುವವನು. ನಮ್ಮಲ್ಲಿ ಆತ ಮತವನ್ನು ಹೊಂದಿರುವವನು. ಕೋಟೆ ಹೊಂದಿದ ಕಿಲ್ಲೇದಾರನ ಬಾಲ ಓಟು ಹೊಂದಿದ ಕೂಲಿಕಾರನಿಗೆ ಬಂತು. ಯಾವ ಸಮಿತಿಯೂ ಕೂತು ಹೀಗೆ ಆಗಬೇಕೆಂದು ಠರಾವು ಮಾಡಿರಲಾರದು.

3. ದಿಕ್ಕು ತಿರುಗಿದ ಮಾತುಗಳು

ಮನ್ರೋ ಬಿತ್ತಿದ ರೈತವಾರಿಯಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ದೊಡ್ಡ ಕೆಲಸ ಜಮಾಬಂದಿ. ಜಮಾ ಎಂದರೆ ಕೂಡಿದ್ದು, ಬಂದಿ ಎಂದರೆ ಕಟ್ಟು. ಸಾಹೇಬರು ಡೇರೆ ಹಾಕುವರು. ಹಳ್ಳಿಯ ಲೆಕ್ಕದ ಪುಸ್ತಕಗಳು ಬರುವವು. ಯಾವ ರೈತ ಎಷ್ಟು ಉತ್ತಿದ, ಎಷ್ಟು ಬೀಳು ಬಿಟ್ಟ, ಎಷ್ಟು ಕಟ್ಟಬೇಕು ಎಂದು ಗೊತ್ತಾಗುವುದು. ಪುಸ್ತಕ ಸರ್ಕಾರದ್ದು, ಪ್ರಶ್ನೆ ಸರ್ಕಾರದ್ದು, ತಲೆಬಗ್ಗಿಸಿ ಉತ್ತರಿಸುವವನು ರೈತ.

ಈಗ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯನ್ನು ನೋಡಿ. ಪಂಚಾಯಿತಿಗೆ ಎಷ್ಟು ಹಣ ಬಂತು, ಯಾವ ಚರಂಡಿಗೆ ಎಷ್ಟು ಹೋಯಿತು, ಬೀದಿದೀಪಕ್ಕೆ ಎಷ್ಟು ಎನ್ನುವ ಪುಸ್ತಕಗಳನ್ನು ಜನರ ಮುಂದೆ ತೆರೆದಿಡಬೇಕು, ಆಗಿರುವ ಕಾಮಗಾರಿಗಳನ್ನು ನೋಡಬೇಕು. ಪದ ಅದೇ, ಲೆಕ್ಕವೂ ಅದೇ. ಕೇಳುವವರು ಮತ್ತು ಹೇಳುವವರು ಜಾಗ ಬದಲಿಸಿಕೊಂಡಿದ್ದಾರೆ. ಸಂಡೂರಿನ ಅರಸು ಮನೆತನದ ಎಂ.ವೈ. ಘೋರ್ಪಡೆಯವರು ದೇವರಾಜ ಅರಸರ ಕಾಲದಲ್ಲಿ ರಾಜ್ಯದ ಹಣಕಾಸು ಸಚಿವರಾಗಿ, ಮುಂದೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿ ಕೆಲಸ ಮಾಡಿದವರು. ಸಂಸ್ಥಾನದ ಮನೆಯಲ್ಲಿ ಹುಟ್ಟಿದವರೊಬ್ಬರು ಗ್ರಾಮಸಭೆಯ ಖಾತೆ ನೋಡಿಕೊಂಡದ್ದು ಈ ತಾಲೂಕಿನ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಆದರೆ ನಿಜ ಹೇಳಬೇಕು. ಎಷ್ಟೋ ಕಡೆ ಜಮಾಬಂದಿ ಎಂದರೆ ಶಾಮಿಯಾನ, ನಾಲ್ಕು ಕುರ್ಚಿ, ಸಹಿ ಪುಸ್ತಕ, ಚಹಾ, ಫೋಟೊ. ತಿರುಗಿದ ಪದ ತಿರುಗಿಯೇ ಇರಬೇಕಾದರೆ ಅದನ್ನು ಹಿಡಿದುಕೊಂಡು ನಿಲ್ಲುವ ಜನ ಬೇಕು.

ಎರಡನೆಯ ಮಾತು ಬಗರ್ ಹುಕುಂ. ಹುಕುಂ ಇಲ್ಲದೆ ಎಂದರ್ಥ. ಸರ್ಕಾರಿ ಜಮೀನನ್ನು ಅಪ್ಪಣೆಯಿಲ್ಲದೆ ಉಳುವುದು ಕಾನೂನಿನ ಕಣ್ಣಿನಲ್ಲಿ ತಪ್ಪು; ಆ ತಪ್ಪಿಗೆ ಕಚೇರಿ ಇಟ್ಟ ಹೆಸರು ಇದು. 1964ರ ಭೂಕಂದಾಯ ಕಾಯ್ದೆಗೆ ತಿದ್ದುಪಡಿಯಾಗಿ ಇಂಥ ಸಾಗುವಳಿಯನ್ನು ಸಕ್ರಮಗೊಳಿಸಲು 1991ರಲ್ಲಿ ನಮೂನೆ 50, ಆಮೇಲೆ 53, 2018ರಲ್ಲಿ 57 ಬಂದವು. ಈಗ ರೈತ ಸಂಘಟನೆಗಳ ಫಲಕದ ಮೇಲೆ “ಬಗರ್ ಹುಕುಂ ಸಾಗುವಳಿದಾರರಿಗೆ ಹಕ್ಕುಪತ್ರ ಕೊಡಿ” ಎಂದು ಬರೆದಿರುತ್ತದೆ. ಆರೋಪದ ಹೆಸರೇ ಹಕ್ಕಿನ ಹೆಸರಾಯಿತು. “ನಮ್ಮಪ್ಪ ಐವತ್ತಮೂರು ಹಾಕಿದ್ದ, ನಾನು ಐವತ್ತೇಳು ಹಾಕೀನಿ” ಎಂದು ಒಬ್ಬ ರೈತ ಹೇಳಿದರೆ ಎರಡು ತಲೆಮಾರಿನ ಕಾಯುವಿಕೆ ಎರಡು ಅಂಕಿಗಳಲ್ಲಿ ಮುಗಿಯುತ್ತದೆ.

ಮೂರನೆಯದು ರಾಜೀನಾಮೆ. ಉರ್ದುವಿನಲ್ಲಿ ರಾಜೀನಾಮೆ ಎಂದರೆ ಎರಡು ಕಡೆಯವರೂ ಒಪ್ಪಿ ಬರೆದುಕೊಂಡ ರಾಜಿಯ ಪತ್ರ. ಮುಂಬಯಿ ಪ್ರಾಂತ್ಯದ ಕಂದಾಯ ಕಚೇರಿಯಲ್ಲಿ, ರೈತ ತನ್ನ ಹಿಡುವಳಿಯನ್ನು ಬಿಟ್ಟುಕೊಡಲು ಬರೆದುಕೊಡುತ್ತಿದ್ದ ಕಾಗದಕ್ಕೆ ಈ ಹೆಸರು ಬಂತು. ಇವತ್ತು ಕನ್ನಡದಲ್ಲಿ, ಮರಾಠಿಯಲ್ಲಿ ಅದು ಹುದ್ದೆ ಬಿಡುವುದಕ್ಕೆ ನಿಂತಿದೆ. ರೈತ ಹೊಲ ಬಿಡುವಾಗ ಬರೆದ ಪತ್ರವನ್ನು ಈಗ ಮಂತ್ರಿಯಿಂದ ಕೇಳುತ್ತೇವೆ. “ರಾಜೀನಾಮೆ ಕೊಡಲಿ” ಎಂದು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ಒಬ್ಬ ಧಾರಾಳವಾಗಿ ಹೇಳಬಲ್ಲ.

4. ಅದಿರು ಹೋದ ದೇಶದ ಮಾತು

ಇಲ್ಲಿಂದ ಒಂದು ದೂರದ ದೇಶಕ್ಕೆ ಕರೆದೊಯ್ಯುತ್ತೇನೆ. ತೀರಾ ಪರಿಚಯವಿಲ್ಲದ ದೇಶವೇನಲ್ಲ. ಈ ಶತಮಾನದ ಮೊದಲ ಹತ್ತು ವರ್ಷ ಸಂಡೂರು, ಹೊಸಪೇಟೆ ಗುಡ್ಡಗಳ ಅದಿರು ಲಾರಿ ಲಾರಿಯಾಗಿ ಬಂದರಿಗೆ ಇಳಿದು ಚೀನಾದ ಕುಲುಮೆಗಳಿಗೆ ಹೋಯಿತು. 2008ರ ಬೀಜಿಂಗ್ ಒಲಿಂಪಿಕ್ಸ್ ಹೊತ್ತಿನಲ್ಲಿ ಅಲ್ಲಿನ ಬೇಡಿಕೆ ಏರಿದಂತೆ ಇಲ್ಲಿನ ರಸ್ತೆಗಳು ಕೆಂಪಾದವು. ನಮ್ಮ ಮಣ್ಣು ಅಲ್ಲಿಗೆ ಹೋಯಿತು, ಅವರು ರಾಜ್ಯವಾಳುವುದನ್ನು ಯಾವ ಮಾತಿನಲ್ಲಿ ಹೇಳುತ್ತಾರೆ ಎಂದು ನಾವು ಕೇಳಲಿಲ್ಲ.

ಕೇಳಿದರೆ ಮೊದಲು ಬೆರಗಾಗುವುದು ಹೆಸರುಗಳ ಹಳಮೆಗೆ. ನಮ್ಮ ತಾಲೂಕಿಗೂ ಜಿಲ್ಲೆಗೂ ನಡುವೆ ಇಡಬಹುದಾದ ಒಂದು ಘಟಕ ಅಲ್ಲಿದೆ, ಹೆಸರು ‘ಶ್ಯೆನ್’. ಕ್ರಿ.ಪೂ. 221ರಲ್ಲಿ ಚಿನ್ ಸಾಮ್ರಾಟ ದೇಶವನ್ನು ಒಂದುಗೂಡಿಸಿ ಆಡಳಿತ ಹಂಚಿದಾಗ ಈ ಪದ ಬಳಕೆಯಲ್ಲಿತ್ತು. ಎಷ್ಟೋ ರಾಜವಂಶಗಳು ಬಿದ್ದವು, 1911ರ ಕ್ರಾಂತಿ ಆಯಿತು, 1949ರಲ್ಲಿ ಕಮ್ಯುನಿಸ್ಟರು ಬಂದರು, ಶ್ಯೆನ್ ಶ್ಯೆನ್ನಾಗಿಯೇ ಉಳಿದಿದೆ. ನಾಡು, ಸೀಮೆ, ಫಿರ್ಕಾ, ಹೋಬಳಿ ಎಂದು ಹೆಸರು ಬದಲಿಸಿದ ನಮಗೆ ಇದು ಅಸೂಯೆ ಹುಟ್ಟಿಸಬಹುದು. ಹೆಸರು ಎರಡು ಸಾವಿರ ವರ್ಷ ಉಳಿದ ಮಾತ್ರಕ್ಕೆ ಆ ಊರಿನವನ ಮಾತು ಕಚೇರಿಯಲ್ಲಿ ನಡೆಯಿತು ಎಂದು ಹೇಳಲು ಬರುವುದಿಲ್ಲ. ಸ್ಥಿರವಾದ ಪದ ಆಳುವವರಿಗೂ ಅನುಕೂಲವೇ.

ಎರಡನೆಯ ಬೆರಗು ‘ಮಿನ್‌ಝು’. ಚೀನಾದ ಅತಿ ಹಳೆಯ ಗ್ರಂಥಗಳಲ್ಲೊಂದಾದ ಶಾಂಗ್‌ಶುವಿನಲ್ಲಿ ಈ ಪದಕ್ಕೆ ಜನರ ಒಡೆಯ ಎಂದು ಅರ್ಥ, ಅಂದರೆ ರಾಜ. 1864ರಲ್ಲಿ ವಿಲಿಯಂ ಮಾರ್ಟಿನ್ ಎಂಬ ಅಮೆರಿಕದ ಮಿಷನರಿ ಅಂತರರಾಷ್ಟ್ರೀಯ ಕಾನೂನಿನ ಗ್ರಂಥವೊಂದನ್ನು ಚೀನಿ ಭಾಷೆಗೆ ತಂದಾಗ ಜನರೇ ಆಳುವ ವ್ಯವಸ್ಥೆಗೆ ಇದೇ ಪದ ಹಾಕಿದ. ಎರಡು ಅಕ್ಷರ ಅವೇ: ಜನ, ಒಡೆಯ. ಮೊದಲು ಜನರಿಗೆ ಒಬ್ಬ ಒಡೆಯ, ಆಮೇಲೆ ಜನರೇ ಒಡೆಯರು. ಇಂದು ಚೀನಿ ಭಾಷೆಯಲ್ಲಿ ಪ್ರಜಾಪ್ರಭುತ್ವಕ್ಕೆ ಇದೇ ಮಾತು. ನಮ್ಮ ಪ್ರಜಾಪ್ರಭುತ್ವವೂ ಹೀಗೇ ಜೋಡಿಸಿದ್ದು. ಪ್ರಜೆ ಎಂದರೆ ಸಂತಾನ, ಆಮೇಲೆ ರಾಜನ ಆಳ್ವಿಕೆಯಲ್ಲಿ ಇರುವವನು. ಅವನ ಪಕ್ಕದಲ್ಲಿ ಪ್ರಭುತ್ವವನ್ನು ತಂದಿಟ್ಟು ಎರಡನ್ನೂ ಒಂದು ಮಾಡಿದರು. ಮೈಸೂರಿನಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿದಾಗ ಪ್ರಜೆಗೆ ಪ್ರತಿನಿಧಿ ಬಂದಿದ್ದ, ಪ್ರಭುತ್ವ ಇನ್ನೂ ಬಂದಿರಲಿಲ್ಲ. ಆ ಸಭೆ ಅಹವಾಲು ಹೇಳಬಹುದಿತ್ತು, ಕಾನೂನು ಮಾಡುವ ಹಾಗಿರಲಿಲ್ಲ.

ಮೂರನೆಯ ಸಂಗತಿಯಲ್ಲಿ ನಮ್ಮ ಪಾಲೂ ಇದೆ. ಚೀನಾದ ದೊಡ್ಡ ಅಧಿಕಾರಿಗಳನ್ನು ಯುರೋಪಿನವರು ಮ್ಯಾಂಡರಿನ್ ಎಂದು ಕರೆದರು. ಅವರಾಡುವ ಭಾಷೆಗೂ ಅದೇ ಹೆಸರಾಯಿತು. ಆ ಪದ ಚೀನಿಯದೇ ಅಲ್ಲ. ಸಂಸ್ಕೃತದ ಮಂತ್ರಿ ಮಲಯ ದೇಶಕ್ಕೆ ಹೋಗಿ ಮೆಂತರಿ ಆದ, ಪೋರ್ಚುಗೀಸರ ಬಾಯಲ್ಲಿ ಮಂದಾರಿಂ ಆದ. ಹದಿನಾರನೆಯ ಶತಮಾನದಲ್ಲಿ ಪಾಯೆಸ್, ನ್ಯೂನಿಜ್ ಎಂಬ ಪೋರ್ಚುಗೀಸರು ಹಂಪಿಯ ವೈಭವವನ್ನು ಬರೆದಿಟ್ಟರು. ಅವರದೇ ನಾಡಿನ ವರ್ತಕರು ಪೂರ್ವ ಸಮುದ್ರದಲ್ಲಿ ಮಂತ್ರಿಯನ್ನು ಚೀನಾದ ಅಧಿಕಾರಿಯನ್ನಾಗಿ ಮಾಡುತ್ತಿದ್ದರು. ಆಡಳಿತದ ಪದಗಳಿಗೆ ಪಾಸ್‌ಪೋರ್ಟ್ ಬೇಕಿಲ್ಲ.

ಪದ ಒಳ್ಳೆಯ ಕಡೆಗೇ ತಿರುಗುತ್ತದೆ ಎಂದೇನೂ ಇಲ್ಲ. ಅದಿರು ಸಾಗಿದ ದಿನಗಳಲ್ಲೇ ಪತ್ರಿಕೆಗಳು ‘ರಿಪಬ್ಲಿಕ್ ಆಫ್ ಬಳ್ಳಾರಿ’ ಎಂದು ಬರೆದವು. ಜನವರಿ 26ರಂದು ಧ್ವಜ ಹಾರಿಸುವಾಗ ಗಣರಾಜ್ಯ ಎನ್ನುತ್ತೇವೆ. ಅದೇ ಪದದ ಇಂಗ್ಲಿಷ್ ರೂಪ ನಮ್ಮ ಜಿಲ್ಲೆಯ ಹೆಸರಿನೊಂದಿಗೆ ಸೇರಿ ಕಾನೂನಿಲ್ಲದ ಸೀಮೆ ಎಂಬ ಅರ್ಥ ಕೊಟ್ಟಿತು. ಅದನ್ನು ಅಳಿಸುವ ಕೆಲಸಕ್ಕೆ ಇನ್ನೊಂದು ಪದ ಬಂತು. ಲೋಕಪಾಲ, ಲೋಕಾಯುಕ್ತ ಎಂಬ ಜೋಡಿಯನ್ನು 1963ರಲ್ಲಿ ಸಂಸದ ಎಲ್.ಎಂ. ಸಿಂಘ್ವಿ ರಚಿಸಿದರು. ಕರ್ನಾಟಕದಲ್ಲಿ 1984ರಲ್ಲಿ ಲೋಕಾಯುಕ್ತ ಕಾಯ್ದೆಯಾಯಿತು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ಕುರಿತ ವರದಿ ಸಲ್ಲಿಸಿದ ಮೇಲೆ ಈ ಸಂಸ್ಕೃತ ಪದ ಹಳ್ಳಿಯವರಿಗೂ ಬಾಯಿಪಾಠವಾಯಿತು. ಇವತ್ತು “ಲೋಕಾಯುಕ್ತಕ್ಕೆ ಬರೀತೀನಿ ನೋಡ್ರಿ” ಎಂದರೆ ಮೇಜಿನ ಆಚೆ ಕೂತವರು ತಲೆ ಎತ್ತುತ್ತಾರೆ. ಹೊಸದಾಗಿ ಕಟ್ಟಿದ ಮಾತಿಗೆ ಜೀವ ಬಂದದ್ದು ಹಾಗೆ.

5. ಕರ್ತೃವಿಲ್ಲದ ಕನ್ನಡ

1963ರಲ್ಲಿ ಕನ್ನಡ ರಾಜ್ಯದ ಆಡಳಿತ ಭಾಷೆಯೆಂದು ಕಾಯ್ದೆಯಾಯಿತು. ಆಮೇಲೆ ಆಡಳಿತ ಪದಕೋಶಗಳು ಬಂದವು, ಭಾಷಾಂತರ ನಿರ್ದೇಶನಾಲಯ ಕೆಲಸ ಮಾಡಿತು, ಕನ್ನಡ ಅಭಿವೃದ್ಧಿ ಪ್ರಾಧಿಕಾರ ಕಚೇರಿಗಳ ಬೆನ್ನುಬಿತ್ತು. ಸುತ್ತೋಲೆ, ಹಿಂಬರಹ, ಮೇಲ್ಮನವಿ, ಹೆಚ್ಚುವರಿ, ಪ್ರಭಾರ ಇವೆಲ್ಲ ಈಗ ಯಾರಿಗೂ ಹೊಸವಲ್ಲ. ಈ ದುಡಿಮೆಗೆ ನಾನು ಕೈಮುಗಿಯುತ್ತೇನೆ. ತೊಂದರೆ ಇರುವುದು ಪದಗಳಲ್ಲಿ ಕಡಿಮೆ, ವಾಕ್ಯದಲ್ಲಿ ಹೆಚ್ಚು.

ಹಿಂಬರಹದ ಮಾದರಿಯೊಂದನ್ನು ಓದುತ್ತೇನೆ. ಯಾವುದೇ ಕಚೇರಿಯದಲ್ಲ, ಎಲ್ಲ ಕಚೇರಿಗಳದೂ ಹೌದು: “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ, ಸದರಿ ಕೋರಿಕೆಯನ್ನು ನಿಯಮಾನುಸಾರ ಪರಿಗಣಿಸಲು ಅವಕಾಶವಿರುವುದಿಲ್ಲವಾದ್ದರಿಂದ ಅರ್ಜಿಯನ್ನು ವಿಲೇಗೊಳಿಸಲಾಗಿದೆ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ.”

ಇದರಲ್ಲಿ ಒಂದೂ ಇಂಗ್ಲಿಷ್ ಪದವಿಲ್ಲ. ಕನ್ನಡ ಅನುಷ್ಠಾನದ ತಪಾಸಣೆ ಮಾಡಿದರೆ ಪೂರ್ತಿ ಅಂಕ. ಯಾರು ಪರಿಶೀಲಿಸಿದರು? ಗೊತ್ತಿಲ್ಲ. ಯಾವ ನಿಯಮ? ಗೊತ್ತಿಲ್ಲ. ವಿಲೇ ಮಾಡಿದವರು ಯಾರು, ಮುಂದೆ ಯಾರ ಬಳಿ ಹೋಗಬೇಕು, ಎಷ್ಟು ದಿನದೊಳಗೆ? ಗೊತ್ತಿಲ್ಲ. ಪರಿಶೀಲಿಸಲಾಗಿದೆ, ಕೈಗೊಳ್ಳಲಾಗುವುದು, ಕ್ರಮವಹಿಸಲಾಗುತ್ತಿದೆ ಎಂಬ ಕ್ರಿಯಾಪದಗಳಲ್ಲಿ ಕೆಲಸ ಇದೆ, ಮಾಡಿದವನಿಲ್ಲ. ಪ್ರೌಢಶಾಲೆಯಲ್ಲಿ ಕರ್ಮಣಿ ಪ್ರಯೋಗ ಹೇಳಿಕೊಡುವ ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಅರ್ಜಿದಾರನ ಕನ್ನಡದಲ್ಲಿ ಇದನ್ನು ಬರೆಯಲು ಬರುವುದಿಲ್ಲವೇ? “ನಿಮ್ಮ ಅರ್ಜಿಯನ್ನು ನಾನು ನೋಡಿದೆ. ಇಂಥ ಕಾಯ್ದೆಯ ಇಂಥ ಕಲಮಿನ ಪ್ರಕಾರ ಈ ಜಮೀನು ಮಂಜೂರು ಮಾಡಲು ಬರುವುದಿಲ್ಲ. ಇದು ನಿಮಗೆ ಒಪ್ಪಿಗೆಯಾಗದಿದ್ದರೆ ಇಷ್ಟು ದಿನದೊಳಗೆ ಇಂಥ ಅಧಿಕಾರಿಗೆ ಮೇಲ್ಮನವಿ ಕೊಡಿ.” ಮೂರೇ ವಾಕ್ಯ. ಇಲ್ಲಿ ಕಾಯ್ದೆ, ಮಂಜೂರು ಅರಬ್ಬಿಯವು, ಅಧಿಕಾರಿ ಸಂಸ್ಕೃತದ್ದು. ಕಾಗದ ಕೈಯಲ್ಲಿ ಹಿಡಿದವನಿಗೆ ಮುಂದಿನ ಹೆಜ್ಜೆ ಗೊತ್ತಾಗುತ್ತದೆ.

ನಮ್ಮ ಪೂರ್ವಜರು ಕಲ್ಲಿನ ಮೇಲೆ ಹೀಗೆ ಬರೆದಿರಲಿಲ್ಲ. ಶಾಸನದಲ್ಲಿ ಕೊಟ್ಟವರಾರು, ಪಡೆದವರಾರು, ಯಾವ ದಿನ, ಪೂರ್ವಕ್ಕೆ ಯಾವ ಹಳ್ಳ, ಪಶ್ಚಿಮಕ್ಕೆ ಯಾವ ಮರ, ಸಾಕ್ಷಿ ಯಾರು ಎಲ್ಲವೂ ಇರುತ್ತದೆ. ಎಷ್ಟೋ ಸಲ ಕೊನೆಯ ಸಾಲಿನಲ್ಲಿ ಬರೆದ ಸೇನಬೋವನ ಹೆಸರು, ಕಲ್ಲು ಕಡೆದ ಓಜನ ಹೆಸರೂ ಬರುತ್ತದೆ. ಆ ಕಾಲ ನ್ಯಾಯದ ಕಾಲವಾಗಿತ್ತೆಂದು ನಾನು ಹೇಳುತ್ತಿಲ್ಲ. ದತ್ತಿಯ ಹೊಲದಲ್ಲಿ ದುಡಿದವರ ಹೆಸರು ಅದರಲ್ಲಿ ಸಿಗುವುದು ಅಪರೂಪ. ಆದರೆ ಮಾಡಿದವರು ಮಾಡಿದ್ದನ್ನು ತಮ್ಮ ಹೆಸರಿನಲ್ಲೇ ಹೇಳಿಕೊಂಡರು.

ಒಂದು ಒಳ್ಳೆಯ ಉದಾಹರಣೆಯನ್ನೂ ಹೇಳಬೇಕು. 2011ರ ಸಕಾಲ ಕಾಯ್ದೆ ಬಂದ ಮೇಲೆ ಅರ್ಜಿ ಕೊಟ್ಟವರಿಗೆ ಒಂದು ಸಂಖ್ಯೆ, ಒಂದು ಗಡುವು ಸಿಗತೊಡಗಿತು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಮೊತ್ತ ಚಿಕ್ಕದು. ತಡವಾದರೆ ಅದಕ್ಕೆ ಒಬ್ಬ ಹೊಣೆಗಾರನಿದ್ದಾನೆ ಎಂದು ಒಪ್ಪಿಕೊಂಡದ್ದು ದೊಡ್ಡದು. ಸಕಾಲ ಎಂಬ ಮಾತು ಜನರಲ್ಲಿ ಹರಡಿದ್ದು ಅದರ ಚೆಲುವಿನಿಂದಲ್ಲ, ಆ ಸಂಖ್ಯೆ ಮತ್ತು ಗಡುವಿನಿಂದ.

ಯೋಜನೆಗಳ ಹೆಸರಿನಲ್ಲೂ ಇದೇ ಪಾಠ. ಸರ್ಕಾರ ಗೃಹಲಕ್ಷ್ಮಿ ಎಂದು ಹೆಸರಿಟ್ಟಿತು. ನಲ್ಲಿಯ ಹತ್ತಿರ ಹೆಣ್ಣುಮಕ್ಕಳು “ಎರಡು ಸಾವ್ರ ಬಂತೇನಕ್ಕಾ?” ಎಂದು ಕೇಳಿಕೊಂಡರು. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಹೆಸರಿನಲ್ಲಿ ಜನ ಉಳಿಸಿಕೊಂಡದ್ದು ಖಾತ್ರಿ ಎಂಬ ಒಂದೇ ಪದವನ್ನು. ಆ ಪದದಲ್ಲಿ ಸರ್ಕಾರದ ಮಾತು ಇತ್ತು. ಮಾತು ತಪ್ಪಿದರೆ ಕೇಳಬಹುದಿತ್ತು.

6. ಮಾಡಬಹುದಾದ ಮೂರು ಕೆಲಸ

ಉಪನ್ಯಾಸ ಕೇಳಿ ಚಪ್ಪಾಳೆ ತಟ್ಟಿ ಹೋಗುವುದಕ್ಕಿಂತ ಏನಾದರೂ ಮಾಡೋಣ ಎನ್ನುವವರಿಗೆ ಮೂರು ಸಲಹೆ ಇಡುತ್ತೇನೆ.

ಒಂದು, ಚೋರನೂರು ಹೋಬಳಿಯ ಪ್ರೌಢಶಾಲೆಗಳಲ್ಲಿ ವರ್ಷಕ್ಕೆ ಒಂದು ಕನ್ನಡ ತರಗತಿಯನ್ನು ಪಹಣಿಗೆ ಮೀಸಲಿಡಿ. ಮಕ್ಕಳು ಮನೆಯಿಂದ ಹಳೆಯದೋ ಹೊಸದೋ ಒಂದು ಪಹಣಿ ತರಲಿ, ಅಂಕಣ ಅಂಕಣವಾಗಿ ಓದಲಿ. ಜಮೀನಿಲ್ಲದ ಮನೆಯ ಮಗು ಪಡಿತರ ಚೀಟಿಯನ್ನೋ ಜಾತಿ ಪ್ರಮಾಣಪತ್ರವನ್ನೋ ತರಲಿ. ವ್ಯಾಕರಣ, ಇತಿಹಾಸ, ಲೆಕ್ಕ ಮೂರೂ ಅದರಲ್ಲಿವೆ.

ಎರಡು, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಿಂದ ನಮ್ಮ ಪಕ್ಕದಲ್ಲೇ ಇದೆ. ಶಾಸನದ ಕನ್ನಡವನ್ನೂ ಜನಪದದ ಕನ್ನಡವನ್ನೂ ಅಲ್ಲಿ ಅಭ್ಯಾಸ ಮಾಡಿದ್ದಾರೆ. ಬಳ್ಳಾರಿ, ವಿಜಯನಗರ ಜಿಲ್ಲೆಗಳ ಕಚೇರಿಯ ಮಾತು, ಅಂದರೆ ಸೆಂಟ್ಸ್, ಫಿರ್ಕಾ, ಅಡಂಗಲ್‌ಗಳ ನೆನಪು ಇರುವ ಹಿರಿಯರು ಇರುವಾಗಲೇ ಆ ಪದಗಳನ್ನು ಕೂಡಿಸಿ, ಅರ್ಥ ಬರೆದು ಅಚ್ಚು ಮಾಡಿದರೆ ವಿದ್ವಾಂಸರಿಗೂ ಬೇಕು, ಹಳೆಯ ದಾಖಲೆ ಹಿಡಿದು ಅಲೆಯುವ ರೈತರಿಗೂ ಬೇಕು.

ಮೂರು, ಮುಂದಿನ ಜಮಾಬಂದಿಗೆ ಹೋಗಿ. ಹೋದವರು ಸುಮ್ಮನೆ ಸಹಿ ಹಾಕಬೇಡಿ. ನಿಮ್ಮ ಬೀದಿಯ ಒಂದೇ ಒಂದು ಕಾಮಗಾರಿಯ ಹೆಸರು ಹೇಳಿ, ಅಂದಾಜು ಎಷ್ಟು, ಖರ್ಚು ಎಷ್ಟು, ಬಿಲ್ಲಿಗೆ ಸಹಿ ಮಾಡಿದವರು ಯಾರು ಎಂದು ಕೇಳಿ. ಉತ್ತರ “ಕ್ರಮ ಕೈಗೊಳ್ಳಲಾಗುವುದು” ಎಂದು ಬಂದರೆ, ಯಾರು ಕೈಗೊಳ್ಳುತ್ತಾರೆ, ಯಾವ ತಾರೀಖಿಗೆ ಎಂದು ಇನ್ನೊಮ್ಮೆ ಕೇಳಿ. ಬಂದ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಹೆಸರು ಸಮೇತ ಬರೆಸಿ, ಕೆಳಗೆ ಸಹಿ ಹಾಕಿ. ಬಳ್ಳಾರಿಯ ಕನ್ನಡದಲ್ಲಿ ಕೇಳಿದರೂ ಸರಿ, ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರೂ ಸರಿ, ಲಂಬಾಣಿಯಲ್ಲಿ ಕೇಳಿ ಪಕ್ಕದವರಿಂದ ಹೇಳಿಸಿದರೂ ಸರಿ. ಆಡಳಿತದಲ್ಲಿ ಕನ್ನಡ ಜಾರಿಯಾಯಿತು ಎಂದು ನಾನು ಲೆಕ್ಕ ಹಾಕುವುದು ಆ ಪುಸ್ತಕದ ಆ ಪುಟದಿಂದ.